ಹಳೆಯ ಕಾರಿನ ಸ್ಟೀರಿಂಗ್ ಸಡಿಲವಾದಾಗ: ರ್ಯಾಕ್ ಬದಲಿಸುವ ಮೊದಲು ನೋಡಬೇಕಾದ್ದು

ಪ್ರಶ್ನೆ: ನನ್ನದು 17 ವರ್ಷ ಹಳೆಯ, ಪವರ್ ಸ್ಟೀರಿಂಗ್ ಇರುವ ಚಿಕ್ಕ ಕಾರು. ಕೆಲವು ತಿಂಗಳಿಂದ ಸ್ಟೀರಿಂಗ್ ಸಡಿಲವಾಗಿದೆ. ಸ್ವಲ್ಪ ತಿರುಗಿಸಿದರೂ ಚಕ್ರಕ್ಕೆ ಗೊತ್ತಾಗುವುದೇ ಇಲ್ಲ. ವೇಗ 70 ದಾಟಿದರೆ ಕಾರು ಆ ಕಡೆ ಈ ಕಡೆ ಓಲುತ್ತದೆ, ಸದಾ ತಿದ್ದುತ್ತಲೇ ಇರಬೇಕು. ಗುಂಡಿಗೆ ಇಳಿದಾಗ ಮುಂದಿನ ಎಡಭಾಗದಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಪ್ರಯೋಜನವಾಗಲಿಲ್ಲ. ಒಬ್ಬ ಮೆಕ್ಯಾನಿಕ್ ಸ್ಟೀರಿಂಗ್ ರ್ಯಾಕ್ (ಸ್ಟೀರಿಂಗ್ ತಿರುಗಿದ್ದನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಹಲ್ಲಿನ ಸರಳು) ಬದಲಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ? ಇದನ್ನು ನಾನೇ ಪರೀಕ್ಷಿಸಿ ನೋಡಬಹುದೇ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಎರಡು ಅಲೈನ್‌ಮೆಂಟ್ ಆಗಿದೆ, ಎರಡು ತೀರ್ಪೂ ಬಂದಿದೆ. ಆದರೆ ಯಾರಾದರೂ ಕಾರಿನ ಕೆಳಗೆ ಹೋಗಿ, ಇನ್ನೊಬ್ಬರಿಂದ ಸ್ಟೀರಿಂಗ್ ಅಲುಗಾಡಿಸಿ, ಒಂದೊಂದೇ ಜಾಯಿಂಟನ್ನು ಕೈಯಿಂದ ಮುಟ್ಟಿ ನೋಡಿದರು ಎಂಬ ಮಾತು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಸ್ಟೀರಿಂಗ್‌ನಲ್ಲಿ ಇಷ್ಟು ಪ್ಲೇ (ಸಡಿಲಿಕೆಯಿಂದಾದ ಖಾಲಿ ಚಲನೆ) ಬಂದಿದ್ದರೆ ಅದು ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಜಾಗದಲ್ಲಿ ಇದ್ದೇ ಇರುತ್ತದೆ. ಆ ಜಾಗವನ್ನು ತೋರಿಸದೆ ಯಾವ ಭಾಗವನ್ನು ಬದಲಿಸಲೂ ಒಪ್ಪಬೇಡಿ. ರ್ಯಾಕ್ ಸವೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅನುಮಾನ ಪಡಬೇಕಾದವುಗಳ ಸಾಲಿನಲ್ಲಿ ಅದು ಕೊನೆಯದು, ಖರ್ಚಿನಲ್ಲಿ ಮಾತ್ರ ಮೊದಲನೆಯದು.

ನೀವು ಹೇಳಿರುವುದು ಮೂರು ದೂರು. ಮೂರಕ್ಕೂ ಒಂದೇ ಕಾರಣ ಇರಬೇಕೆಂದಿಲ್ಲ, ಈ ವಯಸ್ಸಿನ ಕಾರಿನಲ್ಲಂತೂ ಹಾಗಿರುವುದು ಅಪರೂಪ. ಕೈಗೆ ಸಿಗುವ ಪ್ಲೇ ಸಾಮಾನ್ಯವಾಗಿ ಸ್ಟೀರಿಂಗ್‌ನಿಂದ ಚಕ್ರದವರೆಗಿನ ಜೋಡಣೆಯಲ್ಲಿರುತ್ತದೆ. ವೇಗದಲ್ಲಿ ಓಲುವುದಕ್ಕೆ ಟೈರು, ಚಕ್ರವನ್ನು ಕೆಳಭಾಗದಲ್ಲಿ ಕಾರಿಗೆ ಸೇರಿಸುವ ಲೋವರ್ ಆರ್ಮ್ ಎಂಬ ತೋಳಿನ ಬುಷ್ (ರಬ್ಬರ್ ಜೋಡಣೆ), ಎಲ್ಲ ದಿಕ್ಕಿಗೂ ಹೊರಳುವ ಕೀಲಾದ ಬಾಲ್ ಜಾಯಿಂಟ್, ಕೆಲವೊಮ್ಮೆ ಹಿಂದಿನ ಸಸ್ಪೆನ್ಷನ್ ಕೂಡ ಕಾರಣವಾಗಬಹುದು. ಗುಂಡಿಯಲ್ಲಿ ಬರುವ ಸದ್ದಿಗೂ ಮೊದಲಿನ ಎರಡಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ ಹುಡುಕಿ. ಒಂದನ್ನು ಸರಿಪಡಿಸಿದಾಗ ಇನ್ನೊಂದು ಉಳಿದರೆ ಮೊದಲಿನ ಕೆಲಸ ವ್ಯರ್ಥವಾಯಿತೆಂದು ಅಂದುಕೊಳ್ಳಬೇಡಿ.

ಮೊದಲು ಟೈರು. ಬಹಳ ಜನ ಇದನ್ನು ಹಾರಿ ಮುಂದೆ ಹೋಗುತ್ತಾರೆ. ಕಾರು ಓಡಿಸುವ ಮೊದಲು, ಟೈರು ತಣ್ಣಗಿರುವಾಗ ನಾಲ್ಕರಲ್ಲೂ ಗಾಳಿ ನೋಡಿ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿರುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕಗೋಡೆ ಬಾಗುವುದರಿಂದ ಸ್ಟೀರಿಂಗ್ ತಿರುಗಿಸಿದ್ದು ರಸ್ತೆಗೆ ತಲುಪುವುದು ತಡವಾಗುತ್ತದೆ, ಕೈಗೆ ಅದು ಸಡಿಲಿಕೆಯಂತೆಯೇ ಅನ್ನಿಸುತ್ತದೆ. ಮುಂದಿನ ಎರಡು ಟೈರುಗಳು ಒಂದೇ ಬಗೆಯವೇ, ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಸವೆದಿವೆಯೇ ನೋಡಿ. ಎಲ್ಲಿಯಾದರೂ ಉಬ್ಬಿದ್ದರೆ ಆ ಟೈರು ಇನ್ನು ರಸ್ತೆಗೆ ಇಳಿಯಬಾರದು. ಚಕ್ರದ ನಟ್‌ಗಳನ್ನೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿಬಿಡಿ.

ನಂತರ ಅಂಗೈಯನ್ನು ಟೈರಿನ ಅಡ್ಡಕ್ಕೆ, ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ನಿಧಾನವಾಗಿ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಪ್ರತಿಯೊಂದು ಪಟ್ಟಿಯ ಅಂಚೂ ಚೂಪಾಗಿ ತಾಗಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ತಪ್ಪಿದೆ, ಎಂದರೆ ಟೈರು ನೇರವಾಗಿ ಉರುಳದೆ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತಿದೆ. ಅಲೈನ್‌ಮೆಂಟ್ ಮಾಡಿಸಿ ಒಂದಷ್ಟು ಸಾವಿರ ಕಿಲೋಮೀಟರ್ ಓಡಿದ ಮೇಲೂ ಹೀಗಿದ್ದರೆ, ಹೊಂದಿಸಿದ ಟೋ ಹೊಂದಿಸಿದಲ್ಲಿ ನಿಲ್ಲುತ್ತಿಲ್ಲ ಎಂದು ತಿಳಿಯಿರಿ. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ ಇತ್ತು. ಸುತ್ತಲೂ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಯಾವ ಯಂತ್ರವೂ ಇಲ್ಲದೆ ನಿಮ್ಮ ಅಂಗೈಯೇ ಕೊಡಬಲ್ಲ ವರದಿ ಇದು.

ಇನ್ನು ಪ್ಲೇ ಎಷ್ಟಿದೆ ಎಂದು ಅಳೆಯಿರಿ. ‘ತುಂಬಾ ಸಡಿಲ’ ಎಂಬುದು ಅಳತೆಯಲ್ಲ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರ ನೇರವಾಗಿರಲಿ. ಪವರ್ ಸ್ಟೀರಿಂಗ್ ಇರುವುದರಿಂದ ಎಂಜಿನ್ ಚಾಲೂ ಇರಲಿ. ಸ್ಟೀರಿಂಗ್‌ನ ಅಂಚನ್ನು ಎರಡು ಬೆರಳಿನಿಂದ ಹಗುರವಾಗಿ ಎಡಕ್ಕೆ, ಮುಂದಿನ ಟೈರು ಚಲಿಸಲು ಶುರುವಾಗುವ ಕ್ಷಣದವರೆಗೆ ಮಾತ್ರ ತಿರುಗಿಸಿ, ಹಾಗೆಯೇ ಬಲಕ್ಕೆ. ಇನ್ನೊಬ್ಬರು ಹೊರಗೆ ನಿಂತು ಟೈರನ್ನು ನೋಡುತ್ತಿದ್ದರೆ ಒಳ್ಳೆಯದು. ಎರಡು ತುದಿಗಳ ನಡುವಿನ ಅಂತರವನ್ನು ಸ್ಟೀರಿಂಗ್‌ನ ಅಂಚಿನಲ್ಲೇ ಸ್ಕೇಲ್ ಹಿಡಿದು ಅಳೆಯಿರಿ. ರ್ಯಾಕ್ ಇರುವ ಕಾರುಗಳಲ್ಲಿ ಅನೇಕ ತಯಾರಕರು ಇದಕ್ಕೆ ಇಡುವ ಮಿತಿ 30 ಮಿಲಿಮೀಟರ್; ಗಟ್ಟಿಮುಟ್ಟಾದ ಕಾರಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಈ ಅಳತೆಯನ್ನು ಬರೆದಿಡಿ, ರಿಪೇರಿಯಾದ ಮೇಲೆ ಹೋಲಿಸಲು ಬೇಕಾಗುತ್ತದೆ.

ಈಗ ನಿಜವಾದ ಪರೀಕ್ಷೆ. ಇದಕ್ಕೆ ನಾಲ್ಕೂ ಚಕ್ರಗಳು ನೆಲದ ಮೇಲೆ ಭಾರ ಹೊತ್ತು ನಿಂತಿರಬೇಕು. ಬಹುತೇಕ ಕಡೆ ಕಾರನ್ನು ಎತ್ತಿ, ಚಕ್ರ ತೂಗಾಡುತ್ತಿರುವಾಗ ಟೈ ರಾಡ್ (ರ್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳು) ಅಲುಗಾಡಿಸಿ ‘ಸರಿ ಇದೆ’ ಎಂದುಬಿಡುತ್ತಾರೆ. ಚಕ್ರ ಗಾಳಿಯಲ್ಲಿದ್ದಾಗ ತಳ್ಳಿದರೆ ಅದು ಸುಮ್ಮನೆ ತಿರುಗಿಕೊಳ್ಳುತ್ತದೆ, ಜಾಯಿಂಟಿನ ಮೇಲೆ ಒತ್ತಡವೇ ಬೀಳುವುದಿಲ್ಲ. ಟೈರು ನೆಲವನ್ನು ಹಿಡಿದುಕೊಂಡಿದ್ದಾಗ ಮಾತ್ರ ಸವೆದ ಜಾಯಿಂಟು ತನ್ನ ಪ್ಲೇ ತೋರಿಸುತ್ತದೆ. ಚಕ್ರಗಳು ಪಟ್ಟಿಯ ಮೇಲೆ ನಿಲ್ಲುವ ಲಿಫ್ಟ್ ಅಥವಾ ಕೆಳಗೆ ಇಳಿಯಬಹುದಾದ ಪಿಟ್ ಇರುವ ಗ್ಯಾರೇಜ್ ಸಿಕ್ಕರೆ ಅನುಕೂಲ. ಇಲ್ಲದಿದ್ದರೂ ಕೆಲವು ಕಾರುಗಳಲ್ಲಿ ಚಕ್ರದ ಹಿಂದಿನಿಂದ ಕೈ ಹಾಕಿದರೆ ಟೈ ರಾಡ್ ಎಂಡ್ ಸಿಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಆರಿಸಿ, ಆದರೆ ಸ್ಟೀರಿಂಗ್ ಲಾಕ್ ಬಿಡುವಷ್ಟು ಕೀಲಿ ತಿರುಗಿಸಿಡಿ.

ಒಳಗೆ ಕುಳಿತವರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ, ಚಿಕ್ಕ ಚಿಕ್ಕದಾಗಿ, ಬೇಗ ಬೇಗ ಅಲುಗಾಡಿಸುತ್ತಲೇ ಇರಬೇಕು. ಪೂರ್ತಿ ತಿರುಗಿಸುವುದು ಬೇಡ, ಟೈರು ಮಿಸುಕುವಷ್ಟು ಸಾಕು. ನೀವು ಮೇಲಿನಿಂದ ಕೆಳಕ್ಕೆ ಬನ್ನಿ. ಪೆಡಲ್‌ಗಳ ಹತ್ತಿರ ಸ್ಟೀರಿಂಗ್ ಕಾಲಮ್‌ನ ಕೆಳಗೆ, ಓರೆಯಾಗಿ ಸೇರುವ ಎರಡು ಶಾಫ್ಟ್‌ಗಳನ್ನು ಜೋಡಿಸುವ ಒಂದು ಯುನಿವರ್ಸಲ್ ಜಾಯಿಂಟ್ ಇರುತ್ತದೆ, ರ್ಯಾಕ್‌ಗೆ ಸೇರುವಲ್ಲಿ ಸಾಮಾನ್ಯವಾಗಿ ಇನ್ನೊಂದು. ಹೆಬ್ಬೆರಳು ಜಾಯಿಂಟಿನ ಮೇಲುಭಾಗದಲ್ಲಿ, ತೋರುಬೆರಳು ಕೆಳಭಾಗದಲ್ಲಿ ಬರುವಂತೆ ಹಿಡಿಯಿರಿ. ಎರಡೂ ಬೆರಳು ಒಟ್ಟಿಗೆ ಚಲಿಸಿದರೆ ಜಾಯಿಂಟು ಸರಿಯಿದೆ. ಹೆಬ್ಬೆರಳು ಹೊರಟು, ತೋರುಬೆರಳು ಒಂದು ಕ್ಷಣ ತಡವಾಗಿ ಹೊರಟರೆ, ಆ ಎರಡು ಬೆರಳುಗಳ ನಡುವೆಯೇ ಪ್ಲೇ ಇದೆ. ಇಡೀ ಪರೀಕ್ಷೆಯ ಸೂತ್ರ ಇಷ್ಟೇ. ಮೊದಲನೆಯ ಭಾಗ ಚಲಿಸಿದಾಗ ಎರಡನೆಯದು ಕಾಯುತ್ತಿದೆಯೇ ಎಂದು ಪ್ರತಿ ಜಾಯಿಂಟಿನಲ್ಲೂ ಕೇಳುತ್ತಾ ಚಕ್ರದವರೆಗೆ ಹೋಗಬೇಕು. ಯುನಿವರ್ಸಲ್ ಜಾಯಿಂಟನ್ನು ಶಾಫ್ಟಿಗೆ ಬಿಗಿಯುವ ಬೋಲ್ಟ್ ಸಡಿಲಾಗಿ ಇಷ್ಟೆಲ್ಲ ತೊಂದರೆ ಕೊಡುವುದೂ ಉಂಟು. ಆ ಬೋಲ್ಟ್ ಸಡಿಲವಿದ್ದರೆ ಬಿಗಿ ಮಾಡಿ ಕೈತೊಳೆದುಕೊಳ್ಳಬೇಡಿ. ಒಳಗಿನ ಹಲ್ಲುಗಳು ತಿಂದುಹೋಗಿವೆಯೇ ಎಂದು ಬಿಚ್ಚಿ ನೋಡಲೇಬೇಕು, ಅದು ಕಳಚಿದರೆ ಸ್ಟೀರಿಂಗೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ರ್ಯಾಕ್‌ಗೆ ಅನ್ಯಾಯವಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನ ರ್ಯಾಕ್ ಒಳಗೆ, ಶಾಫ್ಟ್ ಮತ್ತು ಪಿನಿಯನ್ (ರ್ಯಾಕನ್ನು ಸರಿಸುವ ಚಿಕ್ಕ ಹಲ್ಲುಚಕ್ರ) ನಡುವೆ ಟಾರ್ಷನ್ ಬಾರ್ ಎಂಬ ತೆಳುವಾದ ಸರಳು ಇರುತ್ತದೆ. ನೀವು ತಿರುಗಿಸಿದಾಗ ಅದು ಸ್ವಲ್ಪ ತಿರುಚಿಕೊಂಡರೇನೇ ಎಣ್ಣೆಯ ವಾಲ್ವ್ ತೆರೆಯುವುದು. ಎಂಜಿನ್ ಆರಿದ್ದಾಗ ಸಹಾಯಕ್ಕೆ ಎಣ್ಣೆಯ ಒತ್ತಡ ಇರುವುದಿಲ್ಲ, ಹಾಗಾಗಿ ಶಾಫ್ಟ್ ಕೆಲವು ಡಿಗ್ರಿ ತಿರುಗಿದ ಮೇಲಷ್ಟೇ ರ್ಯಾಕ್ ಚಲಿಸುತ್ತದೆ. ಇದನ್ನು ನೋಡಿ ‘ರ್ಯಾಕ್ ಪ್ಲೇ ಬಂದಿದೆ’ ಎನ್ನುವವರಿದ್ದಾರೆ. ಅದು ದೋಷವಲ್ಲ, ಅದರ ರಚನೆಯೇ ಹಾಗೆ. ಆ ಒಂದು ಜಾಗದ ತೀರ್ಪನ್ನು ಎಂಜಿನ್ ಚಾಲೂ ಇಟ್ಟೇ ಕೊಡಬೇಕು; ಆಗ ಬೆಲ್ಟ್, ಫ್ಯಾನ್‌ಗಳಿಂದ ಕೈ ಮತ್ತು ಬಟ್ಟೆ ದೂರವಿರಲಿ. ನಿಮ್ಮದು ಕಾಲಮ್‌ನಲ್ಲೇ ಮೋಟರ್ ಇರುವ ಎಲೆಕ್ಟ್ರಿಕ್ ಸ್ಟೀರಿಂಗ್ ಆಗಿದ್ದರೆ, ಅಲುಗಾಡಿಸುವಾಗ ಕಾಲಮ್ ಮೇಲೂ ಒಂದು ಕೈ ಇಡಿ. ಸಣ್ಣ ‘ಕಟ್’ ಸದ್ದು ಕೆಳಗೆ ಎಲ್ಲಿಯೂ ಸಿಗದೆ ಅಲ್ಲಿಯೇ ತಾಗಿದರೆ ಮೋಟರಿನ ಗೇರ್ ಅಥವಾ ಅದರ ಕಪ್ಲಿಂಗ್ ಸವೆದಿರಬಹುದು.

ಮುಂದೆ ರ್ಯಾಕ್‌ನ ಮೈಯನ್ನೇ ನೋಡಿ. ಅದನ್ನು ಕ್ಲಾಂಪ್ ಮತ್ತು ರಬ್ಬರ್ ಬುಷ್‌ಗಳ ಮೂಲಕ ಸಬ್‌ಫ್ರೇಮಿಗೋ (ಮುಂದಿನ ಭಾಗಗಳನ್ನು ಹೊರುವ ಕೆಳಗಿನ ಚೌಕಟ್ಟು) ಬಾಡಿಗೋ ಬಿಗಿದಿರುತ್ತಾರೆ. 17 ವರ್ಷದಲ್ಲಿ ಆ ರಬ್ಬರು ಗಟ್ಟಿಯಾಗಿ ಕುಗ್ಗುತ್ತದೆ, ಎಣ್ಣೆ ಸೋರಿದ್ದರೆ ಮೆತ್ತಗಾಗಿ ಉಬ್ಬುತ್ತದೆ. ಸ್ಟೀರಿಂಗ್ ಅಲುಗಾಡಿಸಿದಾಗ ಇಡೀ ರ್ಯಾಕ್ ಒಂದೆರಡು ಮಿಲಿಮೀಟರ್ ಎಡಕ್ಕೆ ಬಲಕ್ಕೆ ಜಾರುವುದು ಕಂಡರೆ, ನಿಮಗೆ ಬೇಕಿರುವುದು ಹೊಸ ರ್ಯಾಕ್ ಅಲ್ಲ, ಬುಷ್ ಮತ್ತು ಬಿಗಿಯಾದ ಬೋಲ್ಟು.

ರ್ಯಾಕ್‌ನ ಎರಡು ತುದಿಗಳಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇದೆಯಲ್ಲ, ಅದರೊಳಗೆ ಟೈ ರಾಡ್‌ನ ಒಳಗಿನ ಬಾಲ್ ಜಾಯಿಂಟ್ ಅಡಗಿರುತ್ತದೆ. ಕಣ್ಣಿಗೆ ಕಾಣದ ಕಾರಣ ಇದನ್ನು ಮರೆಯುವವರೇ ಹೆಚ್ಚು. ಬೂಟನ್ನು ಹೊರಗಿನಿಂದ ಹಿಸುಕಿ, ಒಳಗಿನ ಉರುಟಾದ ಭಾಗವನ್ನು ಬೆರಳಿನಿಂದ ಹಿಡಿಯಿರಿ. ಸವೆದಿದ್ದರೆ ಪ್ರತಿ ಅಲುಗಾಟಕ್ಕೂ ರಬ್ಬರಿನ ಮೂಲಕ ಒಂದು ಸಣ್ಣ ಹೊಡೆತ ಬೆರಳಿಗೆ ಸ್ಪಷ್ಟವಾಗಿ ತಾಗುತ್ತದೆ. ಬೂಟ್ ಹರಿದಿದ್ದರೆ ನೀರು, ಮಣ್ಣು ಒಳಗೆ ಸೇರಿ ಜಾಯಿಂಟನ್ನೂ ರ್ಯಾಕ್‌ನ ಹೊಳಪು ಸರಳನ್ನೂ ತಿನ್ನುತ್ತವೆ. ಹರಿದ ಬೂಟನ್ನು ಆ ವಾರವೇ ಬದಲಿಸಿ. ಹೊರಗಿನ ಟೈ ರಾಡ್ ಎಂಡ್ ಪರೀಕ್ಷಿಸುವುದು ಸುಲಭ: ಅಂಗೈ ರಾಡ್ ಮೇಲೆ, ಬೆರಳುಗಳು ಅದು ಸೇರುವ ನಕಲ್ (ಚಕ್ರವನ್ನು ಹೊತ್ತು ತಿರುಗುವ ಲೋಹದ ಭಾಗ) ಮೇಲೆ. ರಾಡ್ ಅತ್ತಿತ್ತ ಸರಿದು ಚಕ್ರ ಕಾಯುತ್ತಿದ್ದರೆ, ಅಥವಾ ಜಾಯಿಂಟು ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಮುಗಿಯಿತು, ಬದಲಿಸಬೇಕು. ರಾಡು ಇದ್ದಲ್ಲೇ ತನ್ನ ಸುತ್ತ ಸ್ವಲ್ಪ ಹೊರಳುವುದು ದೋಷವಲ್ಲ, ಬಾಲ್ ಜಾಯಿಂಟ್ ಇರುವುದೇ ಅದಕ್ಕೆ.

ಇಷ್ಟು ಮಾಡಿದ ಮೇಲೆ ಕಾರನ್ನು ಎತ್ತುವ ಕೆಲಸ. ಗಟ್ಟಿ ನೆಲ, ಸರಿಯಾದ ಜಾಗದಲ್ಲಿ ಜ್ಯಾಕ್, ಅದರ ಪಕ್ಕದಲ್ಲಿ ಸ್ಟ್ಯಾಂಡ್. ಬರಿಯ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ, ಕೈ ಯಾವುದನ್ನೂ ಹಾಕಬೇಡಿ. ಜ್ಯಾಕ್ ಜಾರಲು ಎಚ್ಚರಿಕೆ ಕೊಡುವುದಿಲ್ಲ. ಒಂದು ಮುಂದಿನ ಚಕ್ರ ಗಾಳಿಯಲ್ಲಿರುವಾಗ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಾಡಿಸಿ, ಮತ್ತೆ 12 ಮತ್ತು 6ರಲ್ಲಿ. ಅಡ್ಡಕ್ಕೆ ಮಾತ್ರ ಪ್ಲೇ ಇದ್ದರೆ ಅದು ಟೈ ರಾಡ್ ಅಥವಾ ರ್ಯಾಕ್ ಕಡೆಯದು. ಮೇಲೆ ಕೆಳಗೆ ಹಿಡಿದಾಗ ಹೆಚ್ಚು ಸಿಕ್ಕರೆ ಬಾಲ್ ಜಾಯಿಂಟ್, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಅಥವಾ ವೀಲ್ ಬೇರಿಂಗ್. ಎಲ್ಲ ದಿಕ್ಕಿನಲ್ಲೂ ಒಂದೇ ರೀತಿ ಇದ್ದರೆ ಬೇರಿಂಗ್ ಮೇಲೆ ಅನುಮಾನ ಹೆಚ್ಚು.

ಬೇರಿಂಗೋ ಬಾಲ್ ಜಾಯಿಂಟೋ ಎಂಬ ಗೊಂದಲವನ್ನು ಬ್ರೇಕ್ ಪೆಡಲ್ ತೀರಿಸುತ್ತದೆ. ಒಳಗಿರುವವರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ನೀವು 12–6ರಲ್ಲಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕ್ ಮತ್ತು ನಕಲ್ ಒಂದಾಗಿಬಿಡುತ್ತವೆ, ಬೇರಿಂಗಿನ ಪ್ಲೇ ಮಾಯವಾಗುತ್ತದೆ. ಆಗಲೂ ಪ್ಲೇ ಉಳಿದರೆ ಅದು ಬೇರಿಂಗಿನಾಚೆ ಇದೆ. ಇನ್ನೊಂದು ಉಪಾಯ: ಒಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಹಾಳಾದ ಬೇರಿಂಗಿನ ತರಿತರಿ ಸ್ಪ್ರಿಂಗಿನ ಮೂಲಕ ಕೈಗೆ ಬರುತ್ತದೆ, ಕಿವಿಗೆ ಏನೂ ಕೇಳಿಸದಿದ್ದರೂ. ಸೀಲ್ ಮಾಡಿದ ಈಗಿನ ಬೇರಿಂಗುಗಳಲ್ಲಿ ಕೈಗೆ ಪ್ಲೇ ಸಿಗಲೇಬಾರದು. ನಟ್‌ನಿಂದ ಹೊಂದಿಸುವ ಹಳೆಯ ಟೇಪರ್ ಬೇರಿಂಗುಗಳಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಅಲ್ಪ ಪ್ಲೇ ಸರಿಯೇ.

ಲೋವರ್ ಬಾಲ್ ಜಾಯಿಂಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಪ್ರಾಣಕ್ಕೆ ಸಂಬಂಧಿಸಿದ ಭಾಗ ಇದು. ಇದು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಕಾರು ಕೈಯಲ್ಲಿರುವುದಿಲ್ಲ. ಇದನ್ನು ಪರೀಕ್ಷಿಸುವಾಗ ಜ್ಯಾಕ್ ಎಲ್ಲಿಡಬೇಕು ಎಂಬುದು ಸ್ಪ್ರಿಂಗ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ನಿಮ್ಮಂಥ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್: ಸ್ಪ್ರಿಂಗ್ ಸ್ಟ್ರಟ್ ಮೇಲಿದ್ದು, ಕಾರಿನ ಭಾರ ಲೋವರ್ ಬಾಲ್ ಜಾಯಿಂಟ್ ಮೇಲೆ ಬೀಳುವುದಿಲ್ಲ. ಇಲ್ಲಿ ಬಾಡಿಯ ಜಾಗದಲ್ಲಿ ಎತ್ತಿ ಚಕ್ರವನ್ನು ತೂಗಲು ಬಿಡಬೇಕು. ಸ್ಪ್ರಿಂಗ್ ಅಥವಾ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ (ರ್ಯಾಕ್ ಒಳಗಿನದಲ್ಲ) ಲೋವರ್ ಆರ್ಮ್ ಮೇಲೆ ಕುಳಿತ ವಾಹನಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಜ್ಯಾಕನ್ನು ಲೋವರ್ ಆರ್ಮ್ ಕೆಳಗೆ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಇಟ್ಟು ಎತ್ತಬೇಕು. ಬಾಡಿಯಿಂದ ಎತ್ತಿದರೆ ಸ್ಪ್ರಿಂಗಿನ ಬಲವೇ ಜಾಯಿಂಟನ್ನು ಬಿಗಿಹಿಡಿದು ಪೂರ್ತಿ ಸವೆದದ್ದೂ ಗಟ್ಟಿಯಾಗಿ ಕಾಣುತ್ತದೆ. ನಂತರ ಟೈರಿನ ಕೆಳಗೆ ಉದ್ದನೆಯ ಹಾರೆ ಕೊಟ್ಟು ಮೆಲ್ಲನೆ ಮೀಟಿ, ಜಾಯಿಂಟಿನ ಮೇಲೆ ಬೆರಳಿಡಿ. ಆರ್ಮ್ ಮತ್ತು ನಕಲ್ ನಡುವೆ ಅಂತರ ಬಿಚ್ಚಿ ಮುಚ್ಚುವುದು ಕಂಡರೆ ಆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆಸಿಕೊಂಡು ಹೋಗಿ.

ಲೋವರ್ ಆರ್ಮ್‌ನ ಒಳತುದಿಯಲ್ಲಿ ಎರಡು ಬುಷ್‌ಗಳಿರುತ್ತವೆ. ನಿಮ್ಮ ಕಾರು ಓಲುವುದಕ್ಕೆ ಮೂಲ ಇಲ್ಲಿರಬಹುದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ, ಅದರಲ್ಲೂ ಹಿಂದಿನ ದೊಡ್ಡ ಬುಷ್‌ನಲ್ಲಿ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ತಡೆಯುವುದು ಅದೇ. ಅದು ಹರಿದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಸೆಳೆಯುತ್ತದೆ, ಬಿಟ್ಟು ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು ಕಡೆಗೆ ವಾಲುತ್ತದೆ. ಹೀಗೆ ಆಗುತ್ತಿದೆಯೇ ಎಂದು ಗಮನಿಸಿ. ಕಾರು ನಡಿಗೆಯ ವೇಗದಲ್ಲಿ ಹೋಗುತ್ತಾ ಬ್ರೇಕ್ ಹಾಕುವಾಗ ಪಕ್ಕದಲ್ಲಿ, ದೂರದಲ್ಲಿ ನಿಂತು ನೋಡಿದರೆ ಚಕ್ರ ತನ್ನ ಕಮಾನಿನೊಳಗೆ ಹಿಂದಕ್ಕೆ ಹಾರುವುದು ಕಾಣಿಸುವುದೂ ಇದೆ. ಕೆಳಗಿನಿಂದ ಹಾರೆ ಹಾಕಿ ಮೀಟಿದಾಗ ರಬ್ಬರು ಸ್ವಲ್ಪ ಬಾಗುವುದು ಸಹಜ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ರಬ್ಬರು ಒಳಗಿನ ಲೋಹದ ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಬಿರುಕು ಆಳಕ್ಕೆ ಹೋಗಿ ಬಾಯಿ ತೆರೆಯುತ್ತಿದ್ದರೆ, ಲೋಹಕ್ಕೆ ಲೋಹ ತಾಗುತ್ತಿದ್ದರೆ ಬುಷ್ ಸತ್ತಿದೆ. ಕೆಲವು ಕಾರುಗಳಲ್ಲಿ ಇದರೊಳಗೆ ದ್ರವ ತುಂಬಿರುತ್ತದೆ. ಸುತ್ತಲೂ ಜಿಡ್ಡಿನ ಕಪ್ಪು ಸೋರಿಕೆ ಕಂಡರೆ ಅದೂ ಮುಗಿದ ಹಾಗೆಯೇ.

ಇನ್ನು ಆ ‘ಟಕ್’ ಸದ್ದು. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಅಡ್ಡ ಸರಳಾದ ಸ್ಟೆಬಿಲೈಜರ್ ಬಾರ್‌ನ ಲಿಂಕ್ ರಾಡ್ (ಬಾರ್ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಚಿಕ್ಕ ಸರಳು) ಮೇಲೆ ಮೊದಲ ಅನುಮಾನ. ಚಿಕ್ಕ ಭಾಗ, ಬದಲಿಸುವುದು ಸುಲಭ, ಮಾಡುವ ಸದ್ದು ಮಾತ್ರ ದೊಡ್ಡದು. ಪರೀಕ್ಷಿಸುವಾಗ ಎರಡೂ ಮುಂದಿನ ಚಕ್ರಗಳು ಒಂದೇ ಎತ್ತರದಲ್ಲಿರಬೇಕು: ಎರಡೂ ನೆಲದ ಮೇಲೆ, ಇಲ್ಲವೇ ಎರಡೂ ಗಾಳಿಯಲ್ಲಿ. ಒಂದನ್ನೇ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಹಿಡಿಯುತ್ತದೆ, ಸವೆದ ಜಾಯಿಂಟು ಗಟ್ಟಿ ಎನಿಸುತ್ತದೆ. ಲಿಂಕ್ ಹಿಡಿದು ಜೋರಾಗಿ ಅಲುಗಾಡಿಸಿ, ಬಾರ್ ಬಾಡಿಗೆ ಕೂರುವಲ್ಲಿನ ರಬ್ಬರ್‌ಗಳನ್ನೂ ನೋಡಿ. ಸಾಲಾದ ಸಣ್ಣ ಉಬ್ಬುತಗ್ಗುಗಳಲ್ಲಿ ಪಟಪಟ ಎನ್ನುತ್ತಿದ್ದರೆ ಲಿಂಕ್ ಆಗಿರುವ ಸಂಭವ ಹೆಚ್ಚು.

ಸದ್ದು ಸ್ಟೀರಿಂಗ್ ತಿರುಗಿಸುವಾಗಲೂ ಬಂದರೆ ಸ್ಟ್ರಟ್ ಮೇಲಿನ ಮೌಂಟ್ ಮತ್ತು ಅದರ ಬೇರಿಂಗ್ ನೋಡಬೇಕು. ಬಾನೆಟ್ ತೆರೆದು ಸ್ಟ್ರಟ್ ಟಾಪ್ ಮೇಲೆ ಅಂಗೈ ಇಡಿ, ಒಳಗಿರುವವರು ನಿಂತಲ್ಲೇ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಲಿ. ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ತಿರುಚಿಕೊಂಡು, ತಡೆಯಲಾರದೆ ‘ಟೊಂಯ್’ ಎಂದು ಜಿಗಿಯುವುದು ಕೈಗೆ ತಿಳಿಯುತ್ತದೆ. ಅಂಥ ಸ್ಟೀರಿಂಗ್ ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದೂ ಇಲ್ಲ. ಶಾಕ್ ಅಬ್ಸಾರ್ಬರ್ ಮೈಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಪರವಾಗಿಲ್ಲ, ಧಾರೆಯಾಗಿ ಇಳಿದು ಧೂಳು ಕೆಸರಾಗಿದ್ದರೆ ಬದಲಿಸಬೇಕು. ಬಾನೆಟ್ ಒತ್ತಿ ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ; ಪೂರ್ತಿ ಸತ್ತ ಶಾಕ್ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾರಾಗುತ್ತದೆ.

ಮುಂದೆ ಎಲ್ಲವೂ ಗಟ್ಟಿಯಾಗಿದ್ದು ಕಾರು ಇನ್ನೂ ಓಲುತ್ತಿದ್ದರೆ ಹಿಂದಕ್ಕೆ ಹೋಗಿ. ಹಿಂದಿನ ಆಕ್ಸಲ್‌ನ ಬುಷ್‌ಗಳು ಹರಿದಿದ್ದರೆ ಹಿಂದಿನ ಚಕ್ರಗಳೇ ಅಲ್ಪಸ್ವಲ್ಪ ದಿಕ್ಕು ಬದಲಿಸುತ್ತವೆ, ಆ ತಪ್ಪಿಗೆ ನೀವು ಮುಂದೆ ಸ್ಟೀರಿಂಗ್ ತಿದ್ದುತ್ತಿರುತ್ತೀರಿ.

ರ್ಯಾಕ್ ನಿಜವಾಗಿಯೂ ತಪ್ಪಿತಸ್ಥ ಎಂದು ಹೇಳುವುದು ಯಾವಾಗ? ಮೇಲಿನ ಎಲ್ಲ ಜಾಯಿಂಟುಗಳೂ ಗಟ್ಟಿಯಾಗಿದ್ದು, ಎಂಜಿನ್ ಚಾಲೂ ಇದ್ದಾಗಲೂ ಶಾಫ್ಟ್ ತಿರುಗಿ ರ್ಯಾಕ್ ಕಾಯುತ್ತಿದ್ದರೆ. ಅಥವಾ ರ್ಯಾಕ್‌ನ ಸರಳು ತನ್ನ ಕವಚದೊಳಗೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಎಣ್ಣೆ ಬೂಟಿನೊಳಗೆ ತುಂಬಿಕೊಂಡಿದ್ದರೆ. ಅನೇಕ ರ್ಯಾಕ್‌ಗಳಲ್ಲಿ ಹಲ್ಲುಗಳ ಒತ್ತು ಹೊಂದಿಸುವ ಒಂದು ನಟ್ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಪ್ಲೇ ಹೋಗುತ್ತದೆ ಎಂಬ ಸಲಹೆ ನಿಮಗೆ ಬರಬಹುದು, ಅಲ್ಲಿ ಎಚ್ಚರವಿರಲಿ. ಕಾರು ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ರ್ಯಾಕ್‌ನ ನಡುಭಾಗದ ಹಲ್ಲುಗಳು ಹೆಚ್ಚು ಸವೆದಿರುತ್ತವೆ, ತುದಿಯ ಹಲ್ಲುಗಳು ಹೊಸದಾಗಿಯೇ ಉಳಿದಿರುತ್ತವೆ. ನಡುವಿನ ಪ್ಲೇ ತೆಗೆಯಲು ಬಿಗಿ ಮಾಡಿದರೆ ತುದಿಗಳಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನಿಂದ ಹೊರಬರುವಾಗ ಮರಳದೆ ನಿಂತುಬಿಡುತ್ತದೆ. ಸಡಿಲ ಸ್ಟೀರಿಂಗ್‌ಗಿಂತ ಸಿಕ್ಕಿಕೊಳ್ಳುವ ಸ್ಟೀರಿಂಗ್ ಹೆಚ್ಚು ಅಪಾಯಕಾರಿ. ಕೈಪಿಡಿಯ ಕ್ರಮದಂತೆ ತುಸು ಹೊಂದಿಸಿ, ಆ ತುದಿಯಿಂದ ಈ ತುದಿಗೆ ಸರಾಗವಾಗಿ ತಿರುಗದಿದ್ದರೆ ಆಗ ರ್ಯಾಕ್ ಬದಲಿಸುವುದೇ ಸರಿ. ರ್ಯಾಕ್ ಬದಲಿಗೆ ಸ್ಟೀರಿಂಗ್ ಬಾಕ್ಸ್ ಇರುವ ಹಳೆಯ ವಾಹನಗಳ ಹೊಂದಾಣಿಕೆ ಸ್ಕ್ರೂಗೂ ಇದೇ ಮಾತು. ಅವುಗಳಲ್ಲಿ ಪಿಟ್‌ಮನ್ ಆರ್ಮ್, ಐಡ್ಲರ್ ಆರ್ಮ್ ಎಂಬ ಜೋಡಣೆಯ ತೋಳುಗಳನ್ನೂ ನೋಡಬೇಕು.

ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಕೆಲವು ವಿಷಯ ಗಮನಿಸಿ. ಟೈ ರಾಡ್ ಎಂಡ್ ಮತ್ತು ಬಾಲ್ ಜಾಯಿಂಟ್‌ಗಳ ಟೇಪರ್ (ತುದಿಯತ್ತ ಕಿರಿದಾಗುವ) ಭಾಗ ಒರೆಸಿ ಒಣಗಿರಬೇಕು, ಅಲ್ಲಿಗೆ ಗ್ರೀಸ್ ಹಚ್ಚಬಾರದು. ಸ್ಪ್ಲಿಟ್ ಪಿನ್ ಹಾಕುವ ನಟ್‌ನಲ್ಲಿ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕು, ಸಡಿಲಿಸಿ ಹೊಂದಿಸಬಾರದು. ನೈಲಾನ್ ಉಂಗುರದ ನಟ್ ಹೊಸದೇ ಬೇಕು. ಬಹಳ ಕಡೆ ತಪ್ಪುವುದು ಲೋವರ್ ಆರ್ಮ್ ಬುಷ್‌ನ ವಿಷಯದಲ್ಲಿ: ಬಹುತೇಕ ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರ ತೂಗಾಡುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು, ದಿನವಿಡೀ ಹಾಗೆಯೇ ಎಳೆದಾಡಿ ಹೊಸ ಬುಷ್ ಬೇಗನೆ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ. ಶಾಕ್ ಅಬ್ಸಾರ್ಬರ್‌ಗಳನ್ನು ಎಡ ಬಲ ಒಟ್ಟಿಗೆ ಬದಲಿಸಿ. ಟೈ ರಾಡ್ ಎಂಡ್ ಒಂದೇ ಹಾಳಾಗಿದ್ದರೆ ಒಂದನ್ನೇ ಬದಲಿಸಬಹುದು. ‘ಪೂರ್ತಿ ಸಸ್ಪೆನ್ಷನ್ ಬದಲಿಸಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ: ಗುಣಮಟ್ಟವಿಲ್ಲದ ಹತ್ತು ಹೊಸ ಭಾಗಗಳಿಗಿಂತ ಇನ್ನೂ ಗಟ್ಟಿಯಾಗಿರುವ ಹಳೆಯ ಮೂಲ ಭಾಗಗಳು ಎಷ್ಟೋ ಮೇಲು.

ಅಲೈನ್‌ಮೆಂಟ್ ಇದೆಲ್ಲ ಆದ ಮೇಲೆ. ನಿಮ್ಮ ಎರಡು ಅಲೈನ್‌ಮೆಂಟ್ ಯಾಕೆ ಫಲಿಸಲಿಲ್ಲ ಎಂಬುದಕ್ಕೆ ಉತ್ತರವೂ ಇದೇ: ಜಾಯಿಂಟುಗಳು ಸಡಿಲವಿದ್ದಾಗ ಯಂತ್ರದ ಮೇಲೆ ಅಳೆಯುವುದು ಕುಂಟು ಮೇಜಿನ ಮೇಲೆ ತಕ್ಕಡಿ ಇಟ್ಟು ತೂಗಿದಂತೆ. ನಿಂತಾಗ ಬಂದ ಅಂಕಿ, ಓಡುವಾಗ ಚಕ್ರ ತನ್ನ ಪ್ಲೇಯಷ್ಟು ಸರಿದ ಕೂಡಲೇ ಸುಳ್ಳಾಗುತ್ತದೆ. ಟೈ ರಾಡ್ ಎಂಡ್ ಬಿಚ್ಚಿದ ಮೇಲಂತೂ, ಸುತ್ತುಗಳನ್ನು ಎಣಿಸಿ ಅಷ್ಟೇ ಸುತ್ತು ಹಾಕಿದರೂ ಟೋ ಮತ್ತೆ ಹೊಂದಿಸಲೇಬೇಕು. ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಎಡ ಬಲದ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಓರೆ) ನಡುವೆ ದೊಡ್ಡ ವ್ಯತ್ಯಾಸವಿದ್ದರೆ ಆರ್ಮ್ ಅಥವಾ ಸಬ್‌ಫ್ರೇಮ್ ಬಾಗಿರಬಹುದೇ ಎಂದು ವಿಚಾರಿಸಿ.

ನೀವು ಹೇಳಿದ ಲಕ್ಷಣಗಳಿಂದ ನನ್ನ ಊಹೆ: ಕೈಗೆ ಸಿಗುವ ಪ್ಲೇಗೆ ಟೈ ರಾಡ್‌ನ ಒಳಗಿನ ಅಥವಾ ಹೊರಗಿನ ಜಾಯಿಂಟ್, ಓಲುವುದಕ್ಕೆ ಲೋವರ್ ಆರ್ಮ್‌ನ ಹಿಂದಿನ ಬುಷ್, ಸದ್ದಿಗೆ ಎಡಗಡೆಯ ಲಿಂಕ್ ರಾಡ್. ಊಹೆಯ ಮೇಲೆ ಖರ್ಚು ಮಾಡಬೇಡಿ, ಪರೀಕ್ಷೆಯಲ್ಲಿ ಕಂಡದ್ದನ್ನು ಮಾತ್ರ ನಂಬಿ. ಪರೀಕ್ಷೆ ಮುಗಿಯುವವರೆಗೆ ಹೆದ್ದಾರಿಗೆ ಹೋಗಬೇಡಿ. ಪ್ಲೇ ಇದ್ದಕ್ಕಿದ್ದಂತೆ ಹೆಚ್ಚಾದರೆ, ಸ್ಟೀರಿಂಗ್ ಎಲ್ಲಿಯಾದರೂ ಸಿಕ್ಕಿಕೊಂಡರೆ, ಯಾವುದಾದರೂ ಜಾಯಿಂಟಿನ ನಟ್ ಅಥವಾ ಪಿನ್ ಕಾಣೆಯಾಗಿದ್ದರೆ ಅಲ್ಲಿಯೇ ನಿಲ್ಲಿಸಿ. ಇಷ್ಟೆಲ್ಲ ನೋಡಿಯೂ ಪ್ಲೇ ಎಲ್ಲಿದೆ ಎಂದು ಸಿಗದಿದ್ದರೆ ಮತ್ತೆ ಬರೆಯಿರಿ. ಸ್ಟೀರಿಂಗ್ ಅಂಚಿನಲ್ಲಿ ಅಳೆದ ಮಿಲಿಮೀಟರ್, ಎರಡೂ ಮುಂದಿನ ಟೈರುಗಳ ಸವೆತದ ವಿವರ, ಬ್ರೇಕ್ ಹಾಕಿದಾಗ ಕಾರು ಯಾವ ಕಡೆ ಸೆಳೆಯುತ್ತದೆ ಎಂಬುದು, ಈ ಮೂರನ್ನೂ ಪತ್ರದಲ್ಲಿ ಸೇರಿಸಿ.